ಮಕ್ಕಳ ಮೇಲಿನ ದೌರ್ಜನ್ಯ ಪತ್ತೆಗೆ ಎಐ: ಆರೋಗ್ಯದ ಮಾಹಿತಿ ಸೋರದಂತೆ ನೋಡಿಕೊಳ್ಳುವುದು ಹೇಗೆ?

ಏಳು ತಿಂಗಳ ಕೂಸೊಂದು ತೊಡೆಮೂಳೆ ಮುರಿದು ಕ್ಯಾಶುವಾಲ್ಟಿಗೆ ಬಂದಿದೆ. ‘ಮಂಚದಿಂದ ಬಿತ್ತು’ ಎಂದು ಕೇಸ್ ಶೀಟಿನಲ್ಲಿದೆ. ಎರಡು ತಿಂಗಳ ಹಿಂದೆ ಕೆನ್ನೆ ಕಂದಿದೆಯೆಂದು ಇದೇ ಕೂಸು ಓಪಿಡಿಗೆ ಬಂದಿತ್ತು. ಆ ಚೀಟಿ ಬರೆದವರು ಬೇರೆ ವೈದ್ಯರು, ರಾತ್ರಿಪಾಳಿಯವರಿಗೆ ಅದನ್ನು ಹುಡುಕುವಷ್ಟು ಪುರುಸೊತ್ತಿಲ್ಲ. ಇಂಥ ಎರಡು ಚೀಟಿಗಳನ್ನು ಪಕ್ಕಪಕ್ಕ ಇಟ್ಟು ‘ಇನ್ನೊಮ್ಮೆ ನೋಡಿ’ ಎಂದು ಹೇಳುವ ಕೆಲಸಕ್ಕೆ ಎಐ ಒದಗುತ್ತದೆ.

ಆದರೆ ಆ ಎಚ್ಚರಿಕೆ ಹುಟ್ಟಿದ ಗಳಿಗೆಯಿಂದ ಆಸ್ಪತ್ರೆಯ ಕೈಯಲ್ಲಿ ಹೊಸದೊಂದು ಮಾಹಿತಿ ಸೇರಿಕೊಳ್ಳುತ್ತದೆ: ಈ ಮಗುವನ್ನು ಮನೆಯವರೇ ಹೊಡೆದಿರಬಹುದು. ಕೇಸ್ ಶೀಟಿನಲ್ಲಿರುವ ಎಲ್ಲಕ್ಕಿಂತ ಸೂಕ್ಷ್ಮವಾದದ್ದು ಇದೇ. ಹೊಡೆದವರ ಫೋನಿಗೇ ಅದು ತಲುಪಿದರೆ ಮುಂದಿನ ಸಲ ಮಗುವನ್ನು ಆಸ್ಪತ್ರೆಗೆ ಕರೆತರುವುದೇ ಇಲ್ಲ. ಅನುಮಾನ ಸುಳ್ಳಾಗಿದ್ದು ಊರಿಗೆ ಗೊತ್ತಾದರೆ ಆ ತಾಯಿ ತಲೆಯೆತ್ತಿ ಓಡಾಡುವಂತಿಲ್ಲ. ಹಾಗಾಗಿ ಕೇಸ್ ಶೀಟಿಗಿಂತ ಎಚ್ಚರಿಕೆಗೇ ಹೆಚ್ಚು ಕಾವಲು ಬೇಕು. ಮಕ್ಕಳ ವಿಭಾಗ, ದಾಖಲೆ ವಿಭಾಗ (ಎಂಆರ್‌ಡಿ), ಐಟಿ ವಿಭಾಗ ಮೂರೂ ಸೇರಿ ಇಂಥ ವ್ಯವಸ್ಥೆ ಕಟ್ಟುವಾಗ ಅನುಸರಿಸಬೇಕಾದ ಹಂತಗಳು ಇಲ್ಲಿವೆ.

ಹಂತ 1: ಎಐಗೆ ಕೇಳುವ ಪ್ರಶ್ನೆ ಒಂದೇ ಇರಲಿ

‘ನಾಲ್ಕು ವರ್ಷದೊಳಗಿನ ಈ ಮಗುವಿನ ಗಾಯ, ಮನೆಯವರು ಹೇಳಿದ ಕಾರಣಕ್ಕೆ ಹೊಂದುತ್ತದೆಯೇ?’ ಇಷ್ಟು ಸಾಕು. ಇದಕ್ಕೆ ವೈದ್ಯಕೀಯ ಆಧಾರ ಈಗಾಗಲೇ ಇದೆ. ಅಮೆರಿಕದ ಮಕ್ಕಳ ತಜ್ಞೆ ಮೇರಿ ಕ್ಲೈಡ್ ಪಿಯರ್ಸ್ ಅವರ ತಂಡ 2021ರಲ್ಲಿ ಪ್ರಕಟಿಸಿದ ‘ಟೆನ್-4 ಫೇಸಸ್-ಪಿ’ ಸೂತ್ರ, ನಾಲ್ಕು ವರ್ಷದೊಳಗಿನವರಲ್ಲಿ ಯಾವ ಜಾಗದ ಕಂದುಗಾಯ ಅನುಮಾನ ಹುಟ್ಟಿಸಬೇಕೆಂದು ಹೇಳುತ್ತದೆ: ಮುಂಡ, ಕಿವಿ, ಕುತ್ತಿಗೆ, ತುಟಿ ಅಥವಾ ನಾಲಿಗೆಯನ್ನು ಹಿಡಿದಿರುವ ಪೊರೆ, ದವಡೆಯ ಮೂಲೆ, ಕೆನ್ನೆಯ ಮೆತ್ತನೆ ಭಾಗ, ಕಣ್ಣಿನ ರೆಪ್ಪೆ, ಕಣ್ಣಿನ ಬಿಳಿಭಾಗ, ಜೊತೆಗೆ ಬೆರಳು, ಬೆಲ್ಟಿನಂಥ ಅಚ್ಚು ಮೂಡಿದ ಗುರುತು. ಐದು ತಿಂಗಳು ತುಂಬದ ಕೂಸಿನ ಮೈಮೇಲಾದರೆ ಎಲ್ಲಿ ಕಂದಿದ್ದರೂ ನೋಡಲೇಬೇಕು. ಮಗುಚಿಕೊಳ್ಳಲೂ ಬಾರದ ಕೂಸು ತನಗೆ ತಾನೇ ಪೆಟ್ಟು ಮಾಡಿಕೊಳ್ಳುವುದು ಅಪರೂಪ.

‘ಈ ಕುಟುಂಬ ಎಷ್ಟು ಅಪಾಯಕಾರಿ?’ ಎಂಬ ಪ್ರಶ್ನೆಯನ್ನು ಮಾತ್ರ ಕೇಳಬೇಡಿ. ಅಮೆರಿಕದ ಪಿಟ್ಸ್‌ಬರ್ಗ್ ಊರಿರುವ ಅಲೆಘೆನಿ ಕೌಂಟಿ 2016ರಿಂದ ಅದನ್ನೇ ಕೇಳಿತು. ದೂರು ಬಂದ ಕುಟುಂಬಕ್ಕೆ 1ರಿಂದ 20ರವರೆಗೆ ಅಂಕ ಕೊಡುವ ಆ ಉಪಕರಣದ ಲೆಕ್ಕಕ್ಕೆ, ಸರ್ಕಾರಿ ನೆರವಿನಲ್ಲಿ ಪಡೆದ ಮಾನಸಿಕ ಚಿಕಿತ್ಸೆ, ವ್ಯಸನ ಚಿಕಿತ್ಸೆಯ ದಾಖಲೆಗಳೂ ಸೇರಿದ್ದವು. ಖಾಸಗಿ ವಿಮೆಯಲ್ಲಿ ಅದೇ ಚಿಕಿತ್ಸೆ ಪಡೆದ ಸ್ಥಿತಿವಂತರ ಮಾಹಿತಿ ಅಲ್ಲಿರಲಿಲ್ಲ. ಬಡವರು ಡಾಕ್ಟರ ಹತ್ತಿರ ಹೋದದ್ದೇ ಅವರಿಗೆ ಮುಳುವಾಗಬಹುದು ಎಂಬ ಟೀಕೆ ಬಂದದ್ದು ಸಹಜ. ಆರೋಗ್ಯದ ಗುಟ್ಟನ್ನು ಅದನ್ನು ಹೇಳಿಕೊಂಡವರ ವಿರುದ್ಧವೇ ತಿರುಗಿಸಿದರೆ, ನಾಳೆ ಯಾವ ಬಾಣಂತಿಯೂ ತನಗೆ ಮನಸ್ಸು ಸರಿಯಿಲ್ಲವೆಂದು ಬಾಯಿ ಬಿಡುವುದಿಲ್ಲ.

ಹಂತ 2: ಕೊಡುವುದನ್ನು ಬರೆದಿಡಿ, ಉಳಿದದ್ದು ಕೊಡಬೇಡಿ

ಬೇಕಾದದ್ದು: ತಿಂಗಳ ಲೆಕ್ಕದಲ್ಲಿ ವಯಸ್ಸು, ಗಾಯದ ಜಾಗ ಮತ್ತು ಬಗೆ, ಪೆಟ್ಟಾದ ಸಮಯಕ್ಕೂ ಆಸ್ಪತ್ರೆಗೆ ಬಂದ ಸಮಯಕ್ಕೂ ಇರುವ ಅಂತರ, ಮನೆಯವರು ಹೇಳಿದ ವಿವರ, ಹಿಂದಿನ ಗಾಯದ ಭೇಟಿಗಳು, ಎಕ್ಸ್‌ರೇ ವರದಿ, ರಕ್ತ ಹೆಪ್ಪುಗಟ್ಟುವಿಕೆಯ ಪರೀಕ್ಷೆ.

ಬೇಡದ್ದು: ಹೆಸರು, ಫೋನ್, ವಿಳಾಸ, ಜಾತಿ, ಧರ್ಮ, ರೇಷನ್ ಕಾರ್ಡಿನ ಬಗೆ, ಆಭಾ (ಡಿಜಿಟಲ್ ಆರೋಗ್ಯ ಖಾತೆ) ಸಂಖ್ಯೆ, ತಾಯಿಯ ಎಚ್‌ಐವಿ ಸ್ಥಿತಿ, ಗರ್ಭಪಾತದ ದಾಖಲೆ, ಮನೋವೈದ್ಯರ ಟಿಪ್ಪಣಿ. ‘ಇರಲಿ, ಮುಂದೆ ಉಪಯೋಗಕ್ಕೆ ಬಂದೀತು’ ಎಂದು ಸೇರಿಸಿದ ಕಾಲಂ ಮುಂದೆ ತೊಂದರೆ ಕೊಡದೆ ಇರುವುದಿಲ್ಲ.

ಹಂತ 3: ಕನ್ನಡದ ಕೇಸ್ ಶೀಟಿನಿಂದ ಹೆಸರು ತೆಗೆಯುವುದು

ಹೆಚ್ಚು ಕೆಟ್ಟುಹೋಗುವುದು ಇಲ್ಲೇ. ಹೆಸರು ಅಳಿಸುವ ಸಿದ್ಧ ತಂತ್ರಾಂಶಗಳು ಬಹುಪಾಲು ಇಂಗ್ಲಿಷಿಗೆ ಮಾಡಿದಂಥವು. ಅಲ್ಲಿ ಹೆಸರಿನ ಮೊದಲಕ್ಷರ ದೊಡ್ಡದಾಗಿರುತ್ತದೆ. ನಮ್ಮಲ್ಲಿ ಆ ಗುರುತೇ ಇಲ್ಲ. ಪಟ್ಟಿಯಲ್ಲಿ ‘ಮಂಜುನಾಥ’ ಇದ್ದರೆ ‘ಮಂಜುನಾಥನಿಗೆ’, ‘ಮಂಜಣ್ಣನ ಮನೇಲಿ’, ‘ಮಂಜ’ ಮೂರೂ ನುಸುಳಿಹೋಗುತ್ತವೆ. ಪಟ್ಟಿಯಿಂದ ಕುರುಡಾಗಿ ಅಳಿಸಿದರೆ ಇನ್ನೊಂದು ತೊಂದರೆ: ‘ಆಶಾ ಕರೆತಂದರು’ ಎಂಬಲ್ಲಿರುವುದು ಆಶಾ ಕಾರ್ಯಕರ್ತೆಯೋ, ಆಶಾ ಎಂಬ ಅತ್ತೆಯೋ? ‘ಕ್ಷ-ಕಿರಣ’ದಲ್ಲಿರುವ ಕಿರಣನನ್ನು ಅಳಿಸಿದರೆ ವರದಿಯೇ ಅರ್ಥವಾಗುವುದಿಲ್ಲ. ಉತ್ತರ ಕರ್ನಾಟಕದ ಅಡ್ಡಹೆಸರುಗಳಲ್ಲಿ, ದಕ್ಷಿಣದ ಇನಿಷಿಯಲ್‌ಗಳಲ್ಲಿ ಊರೇ ಅಡಗಿರುತ್ತದೆ ಎಂಬುದನ್ನೂ ಮರೆಯಬೇಡಿ.

ಮಾಡಬೇಕಾದ ಕ್ರಮ ಹೀಗಿದೆ.

ಮೊದಲು ಅಕ್ಷರ ಒಂದುಗೂಡಿಸಿ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪಾದ ಡಿಸ್ಚಾರ್ಜ್ ಸಮ್ಮರಿಗಳು ಯೂನಿಕೋಡ್ ಆಗಿರುವುದಿಲ್ಲ. ಕಂಪ್ಯೂಟರಿಗೆ ಅವು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ಅಳಿಸುವ ತಂತ್ರಾಂಶ ‘ಇದರಲ್ಲಿ ಹೆಸರಿಲ್ಲ’ ಎಂದು ಪೂರ್ತಿ ಕಡತವನ್ನು ದಾಟಿಸಿಬಿಡುತ್ತದೆ. ಮುಂದೆ ಯಾರಾದರೂ ಅದನ್ನು ಯೂನಿಕೋಡಿಗೆ ಬದಲಾಯಿಸಿದರೆ ಹೆಸರು, ವಿಳಾಸ ಎಲ್ಲ ಎದ್ದು ಬರುತ್ತವೆ. ಯೂನಿಕೋಡ್ ಕಡತಗಳಲ್ಲೂ ಅಕ್ಷರಗಳ ನಡುವೆ ಕಣ್ಣಿಗೆ ಕಾಣದ ಜೋಡಣೆಯ ಚಿಹ್ನೆಗಳಿರುತ್ತವೆ. ಅವಿದ್ದರೆ ಒಂದೇ ಹೆಸರು ಎರಡಾಗಿ ಕಾಣುವುದರಿಂದ ಮೊದಲೇ ತೆಗೆಯಿರಿ.

ಆಮೇಲೆ ಅದೇ ಮಗುವಿನ ನೋಂದಣಿ ಕಾರ್ಡಿನಲ್ಲಿರುವ ಹೆಸರು, ತಂದೆತಾಯಿಯ ಹೆಸರು, ಊರು, ಫೋನ್ ಇವನ್ನು ಅದೇ ಮಗುವಿನ ಟಿಪ್ಪಣಿಯಲ್ಲಿ ಹುಡುಕಿ. ಸಾಮಾನ್ಯ ಪಟ್ಟಿಗಿಂತ ಇದು ಎಷ್ಟೋ ವಾಸಿ. ವಿಭಕ್ತಿ ಪ್ರತ್ಯಯ ಸೇರಿದ ರೂಪಗಳನ್ನೂ, ಇಂಗ್ಲಿಷ್ ಅಕ್ಷರದಲ್ಲಿ ಬರೆದಾಗ ಆಗುವ ನಾಲ್ಕಾರು ಬಗೆಯ ಕಾಗುಣಿತಗಳನ್ನೂ ಹುಡುಕಾಟಕ್ಕೆ ಸೇರಿಸಿ.

ಹೆಸರು ತೆಗೆದ ಜಾಗದಲ್ಲಿ ಸಂಬಂಧ ಉಳಿಸಿ. ‘ಮಂಜಣ್ಣ ಎತ್ತಿಕೊಂಡಿದ್ದ’ ಎಂಬುದು ‘[ಚಿಕ್ಕಪ್ಪ] ಎತ್ತಿಕೊಂಡಿದ್ದ’ ಎಂದಾಗಲಿ. ಮೊದಲ ಹೇಳಿಕೆಯಲ್ಲಿ ಅಜ್ಜಿ ಹತ್ತಿರವಿದ್ದರು, ಎರಡನೆಯದರಲ್ಲಿ ಯಾರೂ ಇರಲಿಲ್ಲ ಎಂಬ ವ್ಯತ್ಯಾಸವೇ ಮುಖ್ಯ ಸುಳಿವು. ಎಲ್ಲರನ್ನೂ ನಕ್ಷತ್ರ ಚಿಹ್ನೆ ಮಾಡಿದರೆ ಆ ಸುಳಿವೂ ಹೋಗುತ್ತದೆ.

ತಾರೀಖುಗಳನ್ನು ಅಳಿಸಬೇಡಿ, ಸರಿಸಿ. ಒಂದು ಮಗುವಿಗೆ ಮನಬಂದ ಒಂದು ಸಂಖ್ಯೆ ಆಯ್ದುಕೊಂಡು, ಆ ಮಗುವಿನ ಎಲ್ಲ ದಿನಾಂಕಗಳನ್ನೂ ಅಷ್ಟೇ ದಿನ ಹಿಂದಕ್ಕೋ ಮುಂದಕ್ಕೋ ತಳ್ಳಿ. ಭೇಟಿಗಳ ನಡುವಿನ ಅಂತರ ಹಾಗೇ ಉಳಿಯುತ್ತದೆ, ನಿಜವಾದ ದಿನ ಸಿಗುವುದಿಲ್ಲ. ಹುಟ್ಟಿದ ದಿನಾಂಕ ಬೇಡ, ತಿಂಗಳ ವಯಸ್ಸು ಸಾಕು.

ಕೊನೆಗೆ 300 ಟಿಪ್ಪಣಿಗಳನ್ನು ಚೀಟಿ ಎತ್ತಿದಂತೆ ಆರಿಸಿ, ಇಬ್ಬರು ಬೇರೆಬೇರೆಯಾಗಿ ಕಣ್ಣಿಂದ ಓದಲಿ. ಒಂದು ಹೆಸರು ಸಿಕ್ಕರೂ ನಿಯಮ ತಿದ್ದಿ, ಹೊಸ 300 ತೆಗೆದುಕೊಳ್ಳಿ. ಹಾಗಿದ್ದೂ 300ರಲ್ಲಿ ಒಂದೂ ಸಿಗಲಿಲ್ಲವೆಂದರೆ, ಸೋರುವ ಟಿಪ್ಪಣಿಗಳು ಶೇ 1ರವರೆಗೂ ಇರಬಹುದು ಎಂದೇ ಸಂಖ್ಯಾಶಾಸ್ತ್ರದ ಲೆಕ್ಕ. ಹೆಸರು ತೆಗೆದಾಯಿತು, ಇನ್ನು ಯಾರಿಗೆ ಕೊಟ್ಟರೂ ಆದೀತು ಎನ್ನುವ ಧೈರ್ಯ ಅದಕ್ಕೇ ಸಲ್ಲದು. ಅಲ್ಲದೆ ತಾಲ್ಲೂಕು ಮಟ್ಟದಲ್ಲಿ ‘11 ತಿಂಗಳ ಗಂಡುಮಗು, ತೊಡೆಮೂಳೆ, ಮಾರ್ಚ್’ ಎಂದರೆ ಹೆಸರು ಹೇಳಿದ ಹಾಗೆಯೇ. ಹೊರಗೆ ಹೋಗುವ ಯಾವ ವರದಿಯಲ್ಲೂ ಐದಕ್ಕಿಂತ ಕಡಿಮೆ ಇರುವ ಸಂಖ್ಯೆಯನ್ನು ತೋರಿಸಬೇಡಿ.

ಹಂತ 4: ಎಕ್ಸ್‌ರೇ, ಸ್ಕ್ಯಾನ್, ಫೋಟೊ

ಎಕ್ಸ್‌ರೇ, ಸ್ಕ್ಯಾನ್ ಉಳಿಸುವ ಡೈಕಾಮ್ ಕಡತದ ತಲೆಭಾಗದಲ್ಲಿ ರೋಗಿಯ ಹೆಸರು, ಸಂಖ್ಯೆ, ಆಸ್ಪತ್ರೆ, ಕಳಿಸಿದ ವೈದ್ಯರ ಹೆಸರು ಇರುತ್ತವೆ. ಅವನ್ನು ತೆಗೆಯುವುದು ಸುಲಭ. ಚಿತ್ರದ ಒಳಗೇ ಅಚ್ಚಾಗಿರುವ ಅಕ್ಷರಗಳು ಉಳಿದುಬಿಡುತ್ತವೆ. ಅಲ್ಟ್ರಾಸೌಂಡಿನಲ್ಲಿ, ಸ್ಕ್ಯಾನ್ ಮಾಡಿದ ಹಳೆಯ ಫಿಲ್ಮುಗಳಲ್ಲಿ ಇದು ಮಾಮೂಲು. ತಲೆಯ ಸಿಟಿ ಸ್ಕ್ಯಾನಿನ ಪದರಗಳನ್ನು ಜೋಡಿಸಿದರೆ ಮಗುವಿನ ಮುಖವೇ ಮೂಡುತ್ತದೆ, ಹಾಗಾಗಿ ಮುಖದ ಭಾಗ ಕತ್ತರಿಸಿ.

ಗಾಯದ ಫೋಟೊ ಯಾರ ಸ್ವಂತ ಫೋನಿನಲ್ಲೂ ತೆಗೆಯಬಾರದು. ಆಸ್ಪತ್ರೆಯದೇ ಕ್ಯಾಮೆರಾ ಇರಲಿ, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ತೆಗೆದು, ಅದೇ ಪಾಳಿಯಲ್ಲಿ ಎಂಆರ್‌ಡಿಗೆ ವರ್ಗಾಯಿಸಿ ಕಾರ್ಡ್ ಖಾಲಿ ಮಾಡಿ. ಫೋನಿನ ಫೋಟೊದೊಳಗೆ ಜಿಪಿಎಸ್ ಜಾಗ ಬರೆದಿರಬಹುದು. ಅದಕ್ಕಿಂತ ದೊಡ್ಡ ತಲೆನೋವು ತನ್ನಷ್ಟಕ್ಕೆ ಕ್ಲೌಡಿಗೆ ಹೋಗುವ ಬ್ಯಾಕಪ್. 2021ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ತಂದೆಯೊಬ್ಬರು ತಮ್ಮ ಪುಟ್ಟ ಮಗನ ಗುಪ್ತಾಂಗದ ಬಾವನ್ನು ಡಾಕ್ಟರಿಗೆ ತೋರಿಸಲೆಂದು ಫೋಟೊ ತೆಗೆದರು. ಅದು ಗೂಗಲ್ ಕ್ಲೌಡಿಗೆ ಹೋಗಿ, ಅಲ್ಲಿನ ಎಐ ಅದನ್ನು ಲೈಂಗಿಕ ಶೋಷಣೆಯ ಚಿತ್ರವೆಂದು ಗುರುತಿಸಿತು. ಖಾತೆ ಬಂದ್ ಆಯಿತು, ಪೊಲೀಸ್ ತನಿಖೆಯೂ ನಡೆಯಿತು. ಅಪರಾಧವಿಲ್ಲವೆಂದು ಪೊಲೀಸರು ಹೇಳಿದರೂ ಗೂಗಲ್ ಖಾತೆ ಮರಳಿಸಲಿಲ್ಲ. ಟೆಲಿಮೆಡಿಸಿನ್‌ನಲ್ಲಿ ‘ಫೋಟೊ ಕಳಿಸಿಬಿಡಿ’ ಎನ್ನುವ ಮೊದಲು ಇದು ನೆನಪಿರಲಿ. ಮಕ್ಕಳ ಗುಪ್ತಾಂಗದ ಚಿತ್ರಗಳನ್ನು ನಿಮ್ಮ ಎಐ ತರಬೇತಿಗೆ ಬಳಸಲೇಬೇಡಿ. ಅವು ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ವೈದ್ಯಕೀಯ-ಕಾನೂನು ಪ್ರಕರಣ) ಕಡತದಲ್ಲಿ, ಮೊಹರಿನೊಳಗೆ ಇರಬೇಕಾದವು.

ಹಂತ 5: ಯಂತ್ರ ಆಸ್ಪತ್ರೆಯೊಳಗೇ ಇರಲಿ

ಬಹುಪಾಲು ಆಸ್ಪತ್ರೆಗಳಿಗೆ, ಚಾಟ್‌ಬಾಟ್‌ಗಳ ಹಿಂದಿರುವಂಥ ದೊಡ್ಡ ಭಾಷಾ ಮಾದರಿಯೇ ಬೇಕಿಲ್ಲ. ಟೆನ್-4 ನಿಯಮಗಳು, ಹಿಂದಿನ ಭೇಟಿಗಳ ಎಣಿಕೆ, ಚಿಕ್ಕದೊಂದು ವರ್ಗೀಕರಣ ಮಾದರಿ ಇದ್ದರೆ ಸಾಮಾನ್ಯ ಸರ್ವರಿನಲ್ಲೇ ನಡೆಯುತ್ತದೆ. ಕನ್ನಡ-ಇಂಗ್ಲಿಷ್ ಬೆರಕೆಯ ಟಿಪ್ಪಣಿ ಓದಿಸಲು ಭಾಷಾ ಮಾದರಿ ಬೇಕೇಬೇಕೆಂದರೆ, ಮುಕ್ತವಾಗಿ ಸಿಗುವ 7–8 ಶತಕೋಟಿ ಪ್ಯಾರಾಮೀಟರಿನ ಮಾದರಿಯನ್ನು 4 ಬಿಟ್‌ಗೆ ಇಳಿಸಿ ಕಿರಿದಾಗಿಸಿದರೆ 12 ಜಿಬಿ ಮೆಮೊರಿಯ ಗ್ರಾಫಿಕ್ಸ್ ಕಾರ್ಡಿನಲ್ಲಿ ಓಡುತ್ತದೆ. ಆ ಯಂತ್ರಕ್ಕೆ ಇಂಟರ್‌ನೆಟ್ ಬೇಡ. ಡಿಸ್ಕೂ ಬ್ಯಾಕಪ್ಪೂ ಗೂಢಲಿಪಿಯಲ್ಲಿರಲಿ, ಯುಎಸ್‌ಬಿ ಕಿಂಡಿಗಳು ಮುಚ್ಚಿರಲಿ.

ಇಷ್ಟೆಲ್ಲ ಮಾಡಿದ ಮೇಲೂ ಪಿಜಿಯೊಬ್ಬರು (ಸ್ನಾತಕೋತ್ತರ ಓದುತ್ತಿರುವ ಕಿರಿಯ ವೈದ್ಯರು) ಕೇಸ್ ಶೀಟಿನ ಫೋಟೊ ಹೊಡೆದು ಫೋನಿನ ಚಾಟ್‌ಬಾಟಿಗೆ ‘ಇದು ಅನುಮಾನಾಸ್ಪದವೇ?’ ಎಂದು ಕೇಳಿದರೆ ಎಲ್ಲ ಮುಗಿಯಿತು. ನಿಷೇಧದ ಸುತ್ತೋಲೆಯಿಂದ ಇದು ನಿಲ್ಲುವುದಿಲ್ಲ. ಒಳಗಿನ ವ್ಯವಸ್ಥೆ ಅಷ್ಟೇ ಬೇಗ ಉತ್ತರ ಕೊಟ್ಟರೆ ನಿಲ್ಲುತ್ತದೆ.

ಹಲವು ಆಸ್ಪತ್ರೆಗಳು ಸೇರಿ ಮಾದರಿ ಬೆಳೆಸುವಾಗ, ದಾಖಲೆಗಳನ್ನು ಒಂದೆಡೆ ರಾಶಿ ಹಾಕದೆ, ಪ್ರತಿ ಆಸ್ಪತ್ರೆಯಲ್ಲೂ ಕಲಿತ ತೂಕಗಳನ್ನಷ್ಟೇ (ಮಾದರಿ ಕಲಿತದ್ದನ್ನು ಹಿಡಿದಿಡುವ ಅಂಕಿಗಳನ್ನಷ್ಟೇ) ಕಳಿಸುವ ಫೆಡರೇಟೆಡ್ ವಿಧಾನವಿದೆ. ಒಳ್ಳೆಯದೇ, ಆದರೆ ಅದು ಪೂರ್ತಿ ಭದ್ರವೆಂದು ನಂಬಬೇಡಿ. ದೌರ್ಜನ್ಯದ ಪ್ರಕರಣಗಳು ಅಪರೂಪ. ಒಂದು ಆಸ್ಪತ್ರೆಯಲ್ಲಿ ಅಂಥವು ಇಪ್ಪತ್ತೇ ಇದ್ದರೆ ಮಾದರಿ ಅವನ್ನು ಕಲಿಯುವುದಿಲ್ಲ, ಬಾಯಿಪಾಠ ಮಾಡುತ್ತದೆ. ಬಂದ ತೂಕಗಳಿಂದ ಒಂದು ದಾಖಲೆ ತರಬೇತಿಯಲ್ಲಿತ್ತೇ ಎಂದು ಊಹಿಸಲು ಸಾಧ್ಯ. ತೂಕಗಳನ್ನು ಬಿಡಿಯಾಗಿ ಯಾರೂ ನೋಡಲಾಗದಂತೆ ಗೂಢವಾಗಿ ಕೂಡಿಸಬೇಕು, ಅಳತೆ ಮಾಡಿದ ಗದ್ದಲವನ್ನೂ (ಬೇಕೆಂದೇ ಸೇರಿಸುವ ಅಡ್ಡಾದಿಡ್ಡಿ ಅಂಕಿಗಳನ್ನೂ) ಬೆರೆಸಬೇಕು. ಆ ಗದ್ದಲದಿಂದ ನಿಖರತೆ ತುಸು ಇಳಿಯುತ್ತದೆ, ಇಳಿಯಲಿ.

ಹಂತ 6: ಎಚ್ಚರಿಕೆ ಎಲ್ಲಿಂದ ಸೋರುತ್ತದೆ

ಸರ್ವರ್ ಒಡೆದು ಕದಿಯುವವರಿಗಿಂತ ಮಾಮೂಲಿ ಕಚೇರಿ ಕೆಲಸದಿಂದಲೇ ಇದು ಸೋರುವುದು ಹೆಚ್ಚು. ನೋಂದಾಯಿತ ಮೊಬೈಲಿಗೆ ಹೋಗುವ ‘ನಿಮ್ಮ ಸ್ಕೆಲೆಟಲ್ ಸರ್ವೆ ವರದಿ ಸಿದ್ಧವಾಗಿದೆ’ ಎಂಬ ಸಂದೇಶ (ದೌರ್ಜನ್ಯದ ಅನುಮಾನವಿದ್ದಾಗ ಮಾಡಿಸುವ, ಮೈಯ ಎಲ್ಲ ಮೂಳೆಗಳ ಎಕ್ಸ್‌ರೇ ಅದು). ಆ ಮೊಬೈಲು ಅಪ್ಪನದು. ಬಿಲ್ಲಿನ ಸಾಲು. ವಿಮೆಯ ಟಿಪಿಎಗೆ (ಕ್ಲೇಮು ನೋಡಿಕೊಳ್ಳುವ ಮಧ್ಯವರ್ತಿ ಸಂಸ್ಥೆಗೆ) ಹೋಗುವ, ರೋಗಗಳ ಅಂತರರಾಷ್ಟ್ರೀಯ ಸಂಕೇತಪಟ್ಟಿಯಾದ ಐಸಿಡಿ-10ರ ‘ಟಿ74’ ಸಂಕೇತ, ದುರ್ವರ್ತನೆಯ ಲಕ್ಷಣಗಳಿಗೆಂದೇ ಇರುವಂಥದು. ಆಭಾ ಖಾತೆಗೆ ಜೋಡಿಸಿದ ಡಿಸ್ಚಾರ್ಜ್ ಸಮ್ಮರಿ. ವಾರ್ಡಿನ ಬಿಳಿಹಲಗೆ. ಪಿಜಿಗಳ ವಾಟ್ಸ್‌ಆ್ಯಪ್ ಗುಂಪು. ರೌಂಡ್ಸಿನಲ್ಲಿ ಹಾಸಿಗೆಯ ಪಕ್ಕ ನಿಂತು ಇಂಗ್ಲಿಷಿನಲ್ಲಿ ಆಡಿದ ಮಾತು. ತಾಯಿಗೆ ಇಂಗ್ಲಿಷ್ ಬರುವುದಿಲ್ಲ ಎಂದುಕೊಂಡವರು ನಾವು ಮಾತ್ರ.

ಹಾಗಾಗಿ ಎಚ್ಚರಿಕೆಯನ್ನು ಕೇಸ್ ಶೀಟಿನಿಂದ ಬೇರೆ ಕೋಷ್ಟಕದಲ್ಲಿಡಿ. ನೋಡಬಲ್ಲವರು ಮೂವರು: ಕರ್ತವ್ಯದಲ್ಲಿರುವ ಮಕ್ಕಳ ವೈದ್ಯರು, ಮಕ್ಕಳ ರಕ್ಷಣೆಗೆ ನೇಮಿಸಿದ ಹಿರಿಯ ವೈದ್ಯರು, ವೈದ್ಯಕೀಯ ಸಮಾಜ ಕಾರ್ಯಕರ್ತರು. ರಿಸೆಪ್ಷನ್, ಬಿಲ್ಲಿಂಗ್, ಔಷಧಾಲಯದ ಪರದೆಗಳಲ್ಲಿ ಕೆಂಪು ಬಾವುಟವೂ ಬೇಡ, ‘ಈ ಭಾಗ ನೋಡಲು ಅನುಮತಿಯಿಲ್ಲ’ ಎಂಬ ಬೂದು ಪೆಟ್ಟಿಗೆಯೂ ಬೇಡ. ಮುಚ್ಚಿಟ್ಟದ್ದು ಇದೆಯೆಂದು ತೋರಿಸಿದರೂ ಗುಟ್ಟು ಹೊರಬಿದ್ದಂತೆ. ಇಂಥ ಮಕ್ಕಳ ಪರೀಕ್ಷಾ ವರದಿಗಳ ಎಸ್‌ಎಂಎಸ್ ನಿಲ್ಲಿಸುವ ಬದಲು, ನಾಲ್ಕು ವರ್ಷದೊಳಗಿನ ಎಲ್ಲ ಗಾಯಾಳುಗಳಿಗೂ ‘ವರದಿ ಸಿದ್ಧ, ವೈದ್ಯರನ್ನು ಕಾಣಿ’ ಎಂಬ ಒಂದೇ ಸಂದೇಶ ಕಳಿಸಿ. ರೋಗನಿರ್ಣಯ ಖಚಿತವಾಗುವವರೆಗೆ ಗಾಯದ ಸಂಕೇತವಷ್ಟೇ ಹಾಕಿ. ತೊಡೆಮೂಳೆ ಮುರಿತಕ್ಕೆ ‘ಎಸ್72’ ಸಾಕು.

ವೈದ್ಯರ ಪರದೆಯಲ್ಲಿ ‘ದೌರ್ಜನ್ಯ: 0.83’ ಎಂದು ಬರಬಾರದು. ‘ಬಟ್ಟೆ ತೆಗೆಸಿ ಮೈಪೂರ್ತಿ ನೋಡಿ. ಎರಡು ತಿಂಗಳ ಹಿಂದಿನ ಭೇಟಿ ನೋಡಿ’ ಎಂದಿರಲಿ. ಕೇಸ್ ಶೀಟಿಗೆ ಹೋಗುವುದು ವೈದ್ಯರು ಕಣ್ಣಾರೆ ಕಂಡದ್ದು ಮಾತ್ರ. ಅನುಮಾನವಿಲ್ಲವೆಂದು ಹಿರಿಯರು ತೀರ್ಮಾನಿಸಿದರೆ, ಕಾರಣ ಬರೆದು, ಮೂವತ್ತು ದಿನದಲ್ಲಿ ಎಚ್ಚರಿಕೆ ಅಳಿಸಿ, ಎಣಿಕೆಯನ್ನಷ್ಟೇ ಉಳಿಸಿ. ಒಮ್ಮೆ ಬಿದ್ದ ಬಾವುಟ ಮಗುವಿನ ಜೊತೆ ಬೆಳೆಯಬಾರದು.

ಹಂತ 7: ಮೂರು ತಿಂಗಳು ಸದ್ದಿಲ್ಲದೆ ಓಡಿಸಿ

ಲೆಕ್ಕ ಹೀಗೆ ಹಾಕಿ ನೋಡಿ. 10,000 ಭೇಟಿಗಳಲ್ಲಿ 20 ನಿಜವಾದ ಪ್ರಕರಣಗಳಿವೆ ಎಂದುಕೊಳ್ಳಿ. ಮಾದರಿ ನಿಜವಾದವುಗಳಲ್ಲಿ ಶೇ 90ರಷ್ಟನ್ನು ಹಿಡಿಯುತ್ತದೆ, ಉಳಿದವರಲ್ಲಿ ಶೇ 5ರಷ್ಟು ಮಂದಿಗೆ ಸುಳ್ಳೇ ಗಂಟೆ ಬಾರಿಸುತ್ತದೆ. ಆಗ 18 ಸರಿಯಾದ ಎಚ್ಚರಿಕೆಗಳ ಜೊತೆ 499 ಸುಳ್ಳು ಎಚ್ಚರಿಕೆಗಳು ಬರುತ್ತವೆ. ನೂರರಲ್ಲಿ ಮೂರೋ ನಾಲ್ಕೋ ನಿಜ. ಇದನ್ನು ನೇರವಾಗಿ ಪೊಲೀಸ್ ಠಾಣೆಗೆ ಜೋಡಿಸುವ ಪ್ರಸ್ತಾಪ ಬಂದರೆ ಈ ಲೆಕ್ಕದ ಹಾಳೆಯನ್ನು ಮೇಜಿನ ಮೇಲಿಡಿ.

ಪರದೆಗೆ ಎಚ್ಚರಿಕೆ ಕಳಿಸದೆ, ಹಿರಿಯ ವೈದ್ಯರ ತೀರ್ಮಾನದೊಡನೆ ವಾರವಾರ ತಾಳೆ ನೋಡಿ. ನಮ್ಮ ಮಕ್ಕಳ ಸೊಂಟ, ಬೆನ್ನಿನ ಮೇಲೆ ಹುಟ್ಟಿನಿಂದ ಬರುವ ನೀಲಿಮಚ್ಚೆಯನ್ನು ಬಿಳಿ ಚರ್ಮದ ಚಿತ್ರಗಳಿಂದ ಕಲಿತ ಮಾದರಿ ಕಂದುಗಾಯವೆಂದು ಓದಬಹುದು, ಕಪ್ಪು ಚರ್ಮದ ಮೇಲಿನ ನಿಜವಾದ ಕಂದುಗಾಯವನ್ನು ಕಾಣದೆಯೂ ಹೋಗಬಹುದು. ಕಾಮಾಲೆಗೋ ಫಿಟ್ಸಿಗೋ ಹಾಕಿದ ಬರೆಯ ಗುರುತು ಸಿಗರೇಟಿನ ಸುಟ್ಟಗಾಯದಂತೆ ಕಂಡೀತು. ಅದೂ ಮಗುವಿಗಾದ ಹಾನಿಯೇ, ಆದರೆ ಮನೆಯವರೊಡನೆ ಆಡಬೇಕಾದ ಮಾತು ಬೇರೆ. ಮೂಳೆ ಮೆತ್ತಗಾಗುವ ರಿಕೆಟ್ಸ್, ಸುಲಭವಾಗಿ ಮೂಳೆ ಮುರಿಯುವ ಆನುವಂಶಿಕ ಕಾಯಿಲೆ, ರಕ್ತ ಸರಿಯಾಗಿ ಹೆಪ್ಪುಗಟ್ಟದ ಹಿಮೊಫಿಲಿಯಾ, ವಿಟಮಿನ್ ಕೆ ಕೊರತೆಯ ರಕ್ತಸ್ರಾವ ಇವೂ ಹೊಡೆತದಂತೆ ಕಾಣಬಹುದು, ಇವನ್ನು ತಪ್ಪದೆ ಪರೀಕ್ಷಿಸಿ. ಸರ್ಕಾರಿ ಯೋಜನೆಯಲ್ಲಿ ಬಂದವರಿಗೂ ಹಣ ಕಟ್ಟಿದವರಿಗೂ ಸುಳ್ಳು ಎಚ್ಚರಿಕೆಯ ಪ್ರಮಾಣ ಬೇರೆಯಾಗಿದ್ದರೆ ಮಾದರಿ ಬಡತನವನ್ನು ಓದುತ್ತಿದೆ ಎಂದರ್ಥ.

ಹಂತ 8: ವೈದ್ಯರಿಗೆ ಅನುಮಾನ ಗಟ್ಟಿಯಾದಾಗ

ಲೈಂಗಿಕ ದೌರ್ಜನ್ಯವಾದರೆ 2012ರ ಪೋಕ್ಸೊ ಕಾಯ್ದೆಯ ಸೆಕ್ಷನ್ 19ರಂತೆ ವಿಶೇಷ ಬಾಲ ಪೊಲೀಸ್ ಘಟಕಕ್ಕೆ ಅಥವಾ ಸ್ಥಳೀಯ ಠಾಣೆಗೆ ತಿಳಿಸಲೇಬೇಕು. ತಿಳಿಸದಿದ್ದರೆ ಸೆಕ್ಷನ್ 21ರಡಿ ಆರು ತಿಂಗಳವರೆಗೆ, ಸಂಸ್ಥೆಯ ಮುಖ್ಯಸ್ಥರಿಗಾದರೆ ಒಂದು ವರ್ಷದವರೆಗೆ ಜೈಲು. ಸದುದ್ದೇಶದಿಂದ ತಿಳಿಸಿದವರಿಗೆ ರಕ್ಷಣೆಯಿದೆ. ‘ಗೌಪ್ಯತೆ ಇದೆ, ಹೇಳುವಂತಿಲ್ಲ’ ಎಂಬ ನೆಪ ಇಲ್ಲಿ ನಡೆಯುವುದಿಲ್ಲ. ಎಐ ಅಂಕ ಕಡಿಮೆಯಿತ್ತು ಎಂಬುದೂ ನೆಪವಾಗದು. ಚಿಕಿತ್ಸೆಗೆ ಎಫ್‌ಐಆರ್ ಕಾಯಬೇಕಿಲ್ಲ. ಹೊಡೆತದ ಪ್ರಕರಣವಾದರೆ ಎಂಎಲ್‌ಸಿ ಮಾಡಿ, 2015ರ ಬಾಲನ್ಯಾಯ ಕಾಯ್ದೆಯಂತೆ ಮಕ್ಕಳ ಕಲ್ಯಾಣ ಸಮಿತಿಗೆ ತಿಳಿಸಿ. ಸಹಾಯವಾಣಿ 1098.

ತಿಳಿಸಬೇಕೆಂದ ಮಾತ್ರಕ್ಕೆ ಇಡೀ ಕಡತ ಕೊಡಬೇಕೆಂದಲ್ಲ. ಮಾಹಿತಿ ಪತ್ರದಲ್ಲಿ ಮಗುವಿನ ಗುರುತು, ಬಂದ ಸಮಯ, ಕಂಡ ಗಾಯಗಳು, ಮನೆಯವರು ಹೇಳಿದ ಮಾತು ಅವರದೇ ಪದಗಳಲ್ಲಿ, ಈಗ ಮಗು ಎಲ್ಲಿದೆ, ಸುರಕ್ಷಿತವೇ ಎಂಬುದಿರಲಿ. ತಾಯಿಯ ಎಚ್‌ಐವಿ ಸ್ಥಿತಿಯನ್ನು ಸೇರಿಸಬೇಡಿ. 2017ರ ಎಚ್‌ಐವಿ ಕಾಯ್ದೆ ಅದಕ್ಕೆ ಬೇರೆಯೇ ಬೇಲಿ ಹಾಕಿದೆ. ಹೆಚ್ಚಿನ ದಾಖಲೆ ಕೇಳಿದರೆ ಲಿಖಿತ ಕೋರಿಕೆ ಪಡೆದು, ಯಾವ ಪುಟ, ಯಾರಿಗೆ, ಯಾವಾಗ ಎಂದು ಬರೆದಿಟ್ಟು ಕೊಡಿ. ಹದಿಹರೆಯದವರ ಗರ್ಭಪಾತದ ವಿಷಯ ಸ್ವಲ್ಪ ಬೇರೆ: 2022ರ ಸೆಪ್ಟೆಂಬರ್ 29ರ ಸುಪ್ರೀಂ ಕೋರ್ಟ್ ತೀರ್ಪಿನಂತೆ, ಬಾಲಕಿ ಮತ್ತು ಪೋಷಕರು ಕೋರಿದರೆ ಪೋಕ್ಸೊ ಮಾಹಿತಿಯಲ್ಲಿ ಅವಳ ಹೆಸರು, ಗುರುತು ಕೊಡಬೇಕಿಲ್ಲ. ನಿಮ್ಮ ತಂತ್ರಾಂಶ ಪೋಕ್ಸೊ ನಮೂನೆಗೆ ಹೆಸರನ್ನು ತಾನೇ ತುಂಬುವಂತಿದ್ದರೆ ಆ ಸೌಲಭ್ಯವನ್ನು ಕೂಡಲೇ ನಿಲ್ಲಿಸಿ.

ಹಂತ 9: ತಂದೆಯೇ ದಾಖಲೆ ಕೇಳಿದಾಗ, ಮಾಹಿತಿ ಸೋರಿದಾಗ

ವೈದ್ಯಕೀಯ ನೀತಿಸಂಹಿತೆಯ ಪ್ರಕಾರ ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯೂ ಮಗುವಿನ ಪರವಾಗಿ ಹಕ್ಕು ಚಲಾಯಿಸುವ ಅವಕಾಶವನ್ನು ತಂದೆತಾಯಿಗೇ ಕೊಟ್ಟಿದೆ. ಅನುಮಾನ ಅವರ ಮೇಲೇ ಇದ್ದರೆ? ಅಪರಾಧದ ತಡೆ, ಪತ್ತೆ, ತನಿಖೆಗಾಗಿ ಬಳಸುವ ಮಾಹಿತಿಗೆ ಅದೇ ಕಾಯ್ದೆಯ ಸೆಕ್ಷನ್ 17 ವಿನಾಯಿತಿ ಕೊಡುತ್ತದೆ. ಎಚ್ಚರಿಕೆಯ ಕೋಷ್ಟಕವನ್ನು ಮೊದಲೇ ಬೇರೆ ಇಟ್ಟಿದ್ದರೆ ಕೇಸ್ ಶೀಟಿನ ಪ್ರತಿ ಕೊಟ್ಟು, ಎಚ್ಚರಿಕೆಯನ್ನು ಕೊಡದೆ ಇರಬಹುದು. ಎರಡೂ ಒಂದೇ ಕಡತದಲ್ಲಿದ್ದರೆ ಕೌಂಟರಿನ ಗುಮಾಸ್ತರು ತೀರ್ಮಾನಿಸಬೇಕಾಗುತ್ತದೆ. ಯಾವ ಕೋರಿಕೆ ಯಾರಿಗೆ ಹೋಗಬೇಕೆಂಬುದನ್ನು ವಕೀಲರೊಡನೆ ಕೂತು ಮೊದಲೇ ಬರೆದಿಡಿ.

ಸೋರಿಕೆಯಾದರೆ ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ಗೆ ಆರು ಗಂಟೆಯೊಳಗೆ ತಿಳಿಸಬೇಕು. 2025ರ ನವೆಂಬರಿನಲ್ಲಿ ಬಂದ ದತ್ತಾಂಶ ನಿಯಮಗಳ ಮುಖ್ಯ ಭಾಗ, 18 ತಿಂಗಳ ಕಾಲಾವಕಾಶ ಮುಗಿದು ಜಾರಿಯಾದ ಮೇಲೆ, ದತ್ತಾಂಶ ರಕ್ಷಣಾ ಮಂಡಳಿಗೆ 72 ಗಂಟೆಯೊಳಗೆ ಪೂರ್ಣ ವಿವರವನ್ನೂ, ಬಾಧಿತರಿಗೆ ಸೂಚನೆಯನ್ನೂ ಕೊಡಬೇಕು. ಬಾಧಿತರಿಗೆ ಹೋಗುವ ಸೂಚನೆಯಲ್ಲೂ ಒಂದು ಹೊಂಡವಿದೆ: ಎಚ್ಚರಿಕೆ ಬಿದ್ದ ಕುಟುಂಬಗಳಿಗಷ್ಟೇ ಪತ್ರ ಹೋದರೆ ಪತ್ರವೇ ಎಚ್ಚರಿಕೆಯಾಗುತ್ತದೆ. ಆ ಅವಧಿಯಲ್ಲಿ ಬಂದ ನಾಲ್ಕು ವರ್ಷದೊಳಗಿನ ಎಲ್ಲ ಮಕ್ಕಳ ಮನೆಗೂ ಒಂದೇ ಒಕ್ಕಣೆಯ ಪತ್ರ ಹೋಗಲಿ.

ಯಾರು, ಯಾವ ದಾಖಲೆಯನ್ನು, ಯಾವಾಗ ತೆರೆದರು ಎಂಬ ಲಾಗ್ ಒಂದು ವರ್ಷವಾದರೂ ಇರಬೇಕು, ಮತ್ತು ತಿಂಗಳಿಗೊಮ್ಮೆ ಯಾರಾದರೂ ಅದನ್ನು ಓದಬೇಕು. ಪಿಜಿಗಳ ಪಾಳಿ ಬದಲಾದ ದಿನವೇ ಅವರ ಖಾತೆ ಮುಚ್ಚಿ. ತಂತ್ರಾಂಶ ಕಂಪನಿಯ ಒಪ್ಪಂದ ಮುಗಿದಾಗ ದತ್ತಾಂಶ ಅಳಿಸಿದ ಪ್ರಮಾಣಪತ್ರ ಕೇಳುವವರು, ಆ ದತ್ತಾಂಶದಿಂದ ಕಲಿತ ಮಾದರಿಯ ಪ್ರತಿಗಳನ್ನೂ ಬ್ಯಾಕಪ್ಪುಗಳನ್ನೂ ಅಳಿಸಿದ್ದಾರೆಯೇ ಎಂದು ಕೇಳುವುದನ್ನು ಮರೆಯುತ್ತಾರೆ. ಒಪ್ಪಂದಕ್ಕೆ ಸಹಿ ಹಾಕುವಾಗಲೇ ಆ ಸಾಲನ್ನು ಬರೆಸಿಕೊಳ್ಳಿ.